ಟ್ಯಾಕ್ಸಿ ಮಾಡುವಾಗ ಗ್ರೌಂಡ್ ಕಂಟ್ರೋಲ್ ಹೇಳಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಏನು ಮಾಡಲಿ?

ಯಲಹಂಕ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಪೈಲಟ್ ತರಬೇತಿಯಲ್ಲಿದ್ದೇನೆ. ಮನೆ ಯಲಹಂಕ ನ್ಯೂಟೌನ್. ಈಗ ಹಾರುತ್ತಿರುವುದು ಒಂದು ಸಣ್ಣ ಏರ್‌ಫೀಲ್ಡ್‌ನಲ್ಲಿ. ಒಂದೇ ರನ್‌ವೇ, ಅಲ್ಲಿಗೆ ಹೋಗುವುದಕ್ಕೆ ಒಂದೇ ದಾರಿ. ಮುಂದಿನ ತಿಂಗಳು ಕ್ರಾಸ್ ಕಂಟ್ರಿ ಶುರುವಾಗುತ್ತದೆ. ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಇಳಿದು, ಏರ್‌ಲೈನ್ ವಿಮಾನಗಳ ನಡುವೆ ಸೆಸ್ನಾ 172 ಓಡಿಸಿಕೊಂಡು ಪಾರ್ಕಿಂಗ್ ತಲುಪಬೇಕು.

ಹಾರುವುದಕ್ಕೆ ಭಯ ಇಲ್ಲ. ನೆಲಕ್ಕೆ ಇಳಿದ ಮೇಲೆ ಟ್ಯಾಕ್ಸಿ ಮಾಡುವುದಕ್ಕೇ, ಅಂದರೆ ವಿಮಾನವನ್ನು ನೆಲದ ಮೇಲೆ ಓಡಿಸುವುದಕ್ಕೇ ಭಯ. ಅಭ್ಯಾಸಕ್ಕೆ ಅಂತ ಬೇರೆ ದೇಶದ ರೆಕಾರ್ಡಿಂಗ್ ಕೇಳುತ್ತೇನೆ. ನೆಲದ ಮೇಲೆ ಯಾವ ದಾರಿಯಲ್ಲಿ ಹೋಗಬೇಕು ಅಂತ ರೇಡಿಯೋದಲ್ಲಿ ಹೇಳುವ ಗ್ರೌಂಡ್ ಕಂಟ್ರೋಲರ್ ಒಂದೇ ಉಸಿರಿನಲ್ಲಿ ನಾಲ್ಕೈದು ಟ್ಯಾಕ್ಸಿವೇ ಹೆಸರು ಹೇಳಿಬಿಡುತ್ತಾರೆ. ಕೊನೆಯದು ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಇದನ್ನು ತಲೆಯಲ್ಲಿ ಉಳಿಸಿಕೊಳ್ಳುವುದು ಹೇಗೆ? ಇನ್ನೊಂದು ಸಲ ಹೇಳಿ ಅಂದರೆ ಬೈಯುತ್ತಾರಾ? ಆರ್‌ಟಿಆರ್ (ರೇಡಿಯೋ ಬಳಸುವ ಲೈಸೆನ್ಸ್) ಓರಲ್ ಪರೀಕ್ಷೆ ಕೂಡ ಹತ್ತಿರ ಬಂತು. ಅನುಭವ ಇರುವವರು ದಯವಿಟ್ಟು ಹೇಳಿ.

ರನ್‌ವೇ ಅಂಚು:
ತಲೆಯಲ್ಲಿ ಉಳಿಸಿಕೊಳ್ಳುವ ಪ್ರಯತ್ನವೇ ಬೇಡ ಗುರು, ಬರೆದುಕೊಳ್ಳಿ. ತೊಡೆಗೆ ನೀಬೋರ್ಡ್ ಕಟ್ಟಿರುತ್ತೀರಲ್ಲ, ಅದು ಇರುವುದೇ ಅದಕ್ಕೆ. ಪೂರ್ತಿ ಪದ ಬೇಡ, ಬರೀ ಅಕ್ಷರ. ಆಲ್ಫಾಗೆ ಎ, ಬ್ರಾವೋಗೆ ಬಿ. ನಿಲ್ಲಬೇಕಾದ ಕಡೆ ಒಂದು ಅಡ್ಡಗೆರೆ. ರನ್‌ವೇ ನಂಬರ್‌ಗೆ ಸುತ್ತ ಒಂದು ವೃತ್ತ. ಅವರು ಹೇಳಿ ಮುಗಿಸುವಷ್ಟರಲ್ಲಿ ಬರೆದೂ ಮುಗಿದಿರುತ್ತದೆ.

ಅದಕ್ಕಿಂತ ಮುಖ್ಯ, ಹೊರಡುವ ಹಿಂದಿನ ದಿನ ಆ ಏರ್‌ಪೋರ್ಟ್‌ನ ಚಾರ್ಟ್ ಮುಂದೆ ಇಟ್ಟುಕೊಂಡು ಕೂತುಕೊಳ್ಳಿ. ಈ ರನ್‌ವೇಯಲ್ಲಿ ಇಳಿದರೆ ಯಾವ ಕಡೆ ಹೊರಬರುತ್ತೇನೆ, ಅಲ್ಲಿಂದ ಏಪ್ರನ್‌ಗೆ (ವಿಮಾನ ನಿಲ್ಲಿಸುವ ಜಾಗ) ಯಾವ ದಾರಿ ಕೊಡಬಹುದು ಅಂತ ಪೆನ್ಸಿಲ್‌ನಲ್ಲಿ ಎಳೆಯಿರಿ. ಎರಡು ಮೂರು ದಾರಿಗಿಂತ ಜಾಸ್ತಿ ಇರುವುದಿಲ್ಲ. ಆಗ ಕಂಟ್ರೋಲರ್ ಹೇಳುವುದು ಹೊಸ ವಿಷಯ ಅನ್ನಿಸುವುದಿಲ್ಲ.

ಸಿಮ್ ಕ್ಯಾಪ್ಟನ್:
ಇದೆಲ್ಲ ಹಳೇ ಕಾಲದ್ದು. ಟ್ಯಾಬ್‌ನಲ್ಲಿ ಆ್ಯಪ್ ಹಾಕಿಕೊಂಡರೆ ಚಾರ್ಟ್ ಮೇಲೆ ನಮ್ಮ ವಿಮಾನ ಎಲ್ಲಿದೆ ಅಂತಾನೇ ತೋರಿಸುತ್ತದೆ. ಪೇಪರ್ ಯಾಕೆ?

ರನ್‌ವೇ ಅಂಚು:
ಏಪ್ರಿಲ್ ಬಿಸಿಲಿನಲ್ಲಿ ಸೆಸ್ನಾ ಒಳಗೆ ಟ್ಯಾಬ್ ಕಾದು ಆಫ್ ಆಗುವುದು ಸಿಮ್‌ನಲ್ಲಿ (ಸಿಮ್ಯುಲೇಟರ್) ಗೊತ್ತಾಗುವುದಿಲ್ಲ. ಇಟ್ಟುಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಟ್ಯಾಕ್ಸಿ ಮಾಡುವಾಗ ಕಣ್ಣು ಕಿಟಕಿ ಆಚೆ ಇರಬೇಕು. ರೆಕ್ಕೆ ತುದಿ ಯಾವುದಕ್ಕೆ ತಾಗುತ್ತದೆ ಅಂತ ಟ್ಯಾಬ್ ಹೇಳುವುದಿಲ್ಲ.

ನಿವೃತ್ತ ಟವರ್:
ತಮ್ಮಾ, ನಾನು ಟವರ್‌ನಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಇನ್ನೊಂದು ಸಲ ಹೇಳಿ ಅಂದರೆ ಯಾವ ಕಂಟ್ರೋಲರ್‌ಗೂ ಭಯ ಆಗುವುದಿಲ್ಲ. ನಮಗೆ ಭಯ ಆಗುವುದು ಅರ್ಥ ಆಗದಿದ್ದರೂ ಧೈರ್ಯವಾಗಿ ರೀಡ್‌ಬ್ಯಾಕ್ ಕೊಡುವ, ಅಂದರೆ ನಾವು ಹೇಳಿದ್ದನ್ನೇ ವಾಪಸ್ ಹೇಳುವ ಪೈಲಟ್ ಕಂಡರೆ.

ಯಾಕೆ ಅಂತ ಹೇಳುತ್ತೇನೆ. ರೀಡ್‌ಬ್ಯಾಕ್ ಅಂದರೆ ನೀವು ಹೇಳುವುದು ಮಾತ್ರ ಅಲ್ಲ, ನಾವು ಕೇಳಿಸಿಕೊಳ್ಳುವುದೂ ಸೇರಿದೆ. ಟ್ರಾಫಿಕ್ ಜಾಸ್ತಿ ಇದ್ದಾಗ ಕಂಟ್ರೋಲರ್ ತಾನು ಹೇಳಿದ್ದೇ ವಾಪಸ್ ಬಂತು ಅಂದುಕೊಂಡುಬಿಡುವ ಅಪಾಯ ಇದೆ. ಪೈಲಟ್ ಕೂಡ ತಾನು ಕಾಯುತ್ತಿದ್ದ ಮಾತೇ ಬಂತು ಅಂದುಕೊಳ್ಳುತ್ತಾನೆ. ಎರಡೂ ಒಂದೇ ಹೊತ್ತಿಗೆ ಆದರೆ ಕೆಟ್ಟಿತು. 2001ರ ಅಕ್ಟೋಬರ್ 8ರಂದು ಮಿಲಾನ್‌ನ ಲಿನಾಟೆಯಲ್ಲಿ ಆದದ್ದು ಹಾಗೇ. ದಟ್ಟ ಮಂಜು. ಸೆಸ್ನಾ ಸೈಟೇಶನ್ ಅನ್ನುವ ಸಣ್ಣ ಜೆಟ್‌ಗೆ ಆರ್5 ದಾರಿಯಲ್ಲಿ ಹೋಗು ಅಂದಿದ್ದರು. ಅದು ಆರ್6 ಹಿಡಿಯಿತು. ದಾರಿಯಲ್ಲಿ ಎಸ್4 ಅನ್ನುವ ಗುರುತು ದಾಟುತ್ತಿದ್ದೇನೆ ಅಂತ ಪೈಲಟ್ ಹೇಳಿದ್ದ. ಆ ಗುರುತು ಎಲ್ಲಿದೆ ಅಂತ ಕಂಟ್ರೋಲರ್‌ಗೆ ಗೊತ್ತಿರಲಿಲ್ಲ. ಮುಂದುವರಿ ಅಂದರು. ಸೆಸ್ನಾ ನೇರ ರನ್‌ವೇಗೆ ಬಂತು, ಟೇಕಾಫ್ ಆಗುತ್ತಿದ್ದ ಎಂಡಿ-87 ಪ್ರಯಾಣಿಕ ವಿಮಾನ ಅದಕ್ಕೆ ಗುದ್ದಿತು. 118 ಜನ ಸತ್ತರು. ನೆಲದ ರಾಡಾರ್ ಕೂಡ ಅಲ್ಲಿ ಕೆಲಸ ಮಾಡುತ್ತಿರಲಿಲ್ಲ.

ಎಲ್ಲಿದ್ದೇನೆ ಅಂತ ನಿಮಗೆ ಸ್ವಲ್ಪ ಅನುಮಾನ ಬಂದರೂ ಅಲ್ಲೇ ನಿಲ್ಲಿ. ಬ್ರೇಕ್ ಹಾಕಿ, ಆಮೇಲೆ ಮಾತಾಡಿ. ದಾರಿ ಖಚಿತ ಇಲ್ಲ ಅಂತ ನೇರವಾಗಿ ಹೇಳಿ. ಒಂದೊಂದೇ ತಿರುವು ಹೇಳಿಕೊಂಡು ಹೋಗುತ್ತೇವೆ, ಇಲ್ಲದಿದ್ದರೆ ಫಾಲೋ ಮಿ ಜೀಪ್ ಕಳಿಸುತ್ತೇವೆ. ಒಂದೇ ಒಂದು ಕಡೆ ಮಾತ್ರ ನಿಲ್ಲಬೇಡಿ, ರನ್‌ವೇ ಮೇಲೆ. ಅಲ್ಲಿದ್ದೀರಿ ಅನ್ನಿಸಿದರೆ ಅದನ್ನೇ ಮೊದಲು ಹೇಳಿ.

ಹೆಬ್ಬಾಳ ಎಕ್ಸ್‌ಪ್ರೆಸ್:
ಸರ್, ಗೌರವದಿಂದಲೇ ಹೇಳುತ್ತೇನೆ, ಪುಸ್ತಕದಲ್ಲಿ ಇರುವುದು ಬೇರೆ, ನಡೆಯುವುದು ಬೇರೆ. ಬೆಳಗಿನ ರಶ್‌ನಲ್ಲಿ ಟ್ರೈನಿಂಗ್ ವಿಮಾನ ಬಂದರೆ ಧ್ವನಿಯಲ್ಲೇ ಬೇಸರ ಗೊತ್ತಾಗುತ್ತದೆ. ಹಿಂದೆ ಎರಡು ಏರ್‌ಬಸ್ ನಿಂತಿರುತ್ತವೆ. ಆಗ ಆ ಹುಡುಗನಿಗೆ ಇನ್ನೊಂದು ಸಲ ಹೇಳಿ ಅನ್ನುವ ಧೈರ್ಯ ಎಲ್ಲಿಂದ ಬರಬೇಕು? ಇದನ್ನು ಒಪ್ಪಿಕೊಳ್ಳದೆ ಸುಮ್ನೆ ಕೇಳಿ ಕೇಳಿ ಅಂದರೆ ಆಗುವುದಿಲ್ಲ.

ನಿವೃತ್ತ ಟವರ್:
ಬೇಸರ ಬರುವುದು ಸುಳ್ಳಲ್ಲ. ಅವರೂ ಮನುಷ್ಯರು. ಆದರೆ ಆ ಬೇಸರ ಹತ್ತು ಸೆಕೆಂಡ್‌ದು. ಹಿಂದೆ ನಿಂತ ಏರ್‌ಬಸ್ ಎರಡು ನಿಮಿಷ ಕಾದರೆ ಸ್ವಲ್ಪ ಇಂಧನ ಹೋಗುತ್ತದೆ, ಅಷ್ಟೇ. ಹೊಸಬರು ಮೊದಲ ಕರೆಯಲ್ಲೇ ಈ ಏರ್‌ಪೋರ್ಟ್ ತನಗೆ ಹೊಸದು ಅಂತ ಹೇಳಿಬಿಟ್ಟರೆ ಅರ್ಧ ಕಷ್ಟ ಕಳೆಯಿತು. ಕಂಟ್ರೋಲರ್ ತಾನಾಗಿ ನಿಧಾನ ಮಾಡುತ್ತಾರೆ, ಚಿಕ್ಕ ಚಿಕ್ಕ ತುಂಡಾಗಿ ಕೊಡುತ್ತಾರೆ. ಗೊತ್ತಿಲ್ಲದಿದ್ದರೆ ಎಲ್ಲರಿಗೂ ಮಾತಾಡುವ ವೇಗದಲ್ಲೇ ಮಾತಾಡುತ್ತಾರೆ.

ಡಲ್ಲಾಸ್ ರಿಟರ್ನ್:
ಒಂದು ಸಣ್ಣ ವಿಷಯ ಸೇರಿಸುತ್ತೇನೆ. ನಾನು ಅಮೆರಿಕದಲ್ಲಿ ಕಲಿತದ್ದು. ರನ್‌ವೇ ಇಂಥದ್ದಕ್ಕೆ ಟ್ಯಾಕ್ಸಿ ಮಾಡು ಅಂದರೆ ದಾರಿಯಲ್ಲಿ ಸಿಗುವ ಬೇರೆ ರನ್‌ವೇಗಳನ್ನು ದಾಟಬಹುದು ಅಂತಲೇ ಅರ್ಥ. ಪ್ರತಿ ಸಲ ನಿಂತು ಕೇಳಿದರೆ ಟೈಮ್ ವೇಸ್ಟ್.

ಆರ್‌ಟಿಆರ್ ಮೇಷ್ಟ್ರು:
ಸರ್, ದಯವಿಟ್ಟು ಇದನ್ನು ಹೊಸಬರಿಗೆ ಹೇಳಬೇಡಿ. ಅಮೆರಿಕದಲ್ಲೂ ಆ ನಿಯಮ 2010ರ ಜೂನ್ 30ಕ್ಕೆ ಹೋಯಿತು. ಈಗ ಅಲ್ಲೂ ಪ್ರತಿ ರನ್‌ವೇ ದಾಟುವುದಕ್ಕೆ ಬೇರೆ ಬೇರೆ ಅನುಮತಿ ಬೇಕು. ನಮ್ಮಲ್ಲಿ ಐಕಾವೋ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಕ್ರಮ. ದಾಟು ಅಂತ ಬಾಯಿಬಿಟ್ಟು ಹೇಳಬೇಕು, ಇಲ್ಲ ಹೋಲ್ಡ್ ಶಾರ್ಟ್ (ರನ್‌ವೇಗೆ ಮುಂಚೆಯೇ ನಿಲ್ಲು) ಅಂತ ಹೇಳಬೇಕು. ಎರಡೂ ಹೇಳಲಿಲ್ಲ ಅಂದರೆ ದಾಟುವ ಹಾಗಿಲ್ಲ. ಮುಚ್ಚಿದ ರನ್‌ವೇ ಆದರೂ ಸರಿ, ಖಾಲಿ ಕಂಡರೂ ಸರಿ.

ಹುಡುಗನಿಗೆ: ಓರಲ್‌ನಲ್ಲಿ ಇದನ್ನೇ ಕೇಳುತ್ತಾರೆ. ರನ್‌ವೇ ಮೇಲೆ ಹೋಗುವುದು, ದಾಟುವುದು, ಅಲ್ಲಿ ಬ್ಯಾಕ್‌ಟ್ರ್ಯಾಕ್ (ರನ್‌ವೇ ಮೇಲೆ ಎದುರು ದಿಕ್ಕಿನಲ್ಲಿ ಹೋಗುವುದು) ಮಾಡುವುದು, ಅದರ ಮುಂದೆ ನಿಲ್ಲುವುದು, ಇಳಿಯುವುದು, ಟೇಕಾಫ್, ಎಲ್ಲವನ್ನೂ ಪೂರ್ತಿ ವಾಪಸ್ ಹೇಳಬೇಕು, ಕೊನೆಯಲ್ಲಿ ಕಾಲ್ ಸೈನ್ (ರೇಡಿಯೋದಲ್ಲಿ ವಿಮಾನದ ಹೆಸರು) ಸಮೇತ. ಯಾವ ರನ್‌ವೇ ಬಳಕೆಯಲ್ಲಿದೆ, ಆಲ್ಟಿಮೀಟರ್ ಸೆಟ್ಟಿಂಗ್, ಟ್ರಾನ್ಸ್‌ಪಾಂಡರ್ (ರಾಡಾರ್‌ಗೆ ವಿಮಾನದ ಗುರುತು ಹೇಳುವ ಸಾಧನ) ಕೋಡ್ ಕೂಡ. ಹೋಲ್ಡ್ ಶಾರ್ಟ್ ಅಂದಾಗ ಬರೀ ರೋಜರ್ ಅಂದರೆ ಅಲ್ಲೇ ಮಾರ್ಕ್ ಹೋಯಿತು. ರೋಜರ್ ಅಂದರೆ ಕೇಳಿಸಿತು ಅಂತ ಮಾತ್ರ, ಏನು ಕೇಳಿಸಿತು ಅಂತ ಅಲ್ಲ.

ಡಲ್ಲಾಸ್ ರಿಟರ್ನ್:
ನಾನು ಕಲಿತದ್ದು 2010ಕ್ಕಿಂತ ಮುಂಚೆ. ಸರಿ ಮೇಷ್ಟ್ರೇ, ಒಪ್ಪಿದೆ. ಆದರೆ ಕಂಟ್ರೋಲರ್ ಹೇಳುವುದನ್ನೇ ಮರೆತರೆ?

ಆರ್‌ಟಿಆರ್ ಮೇಷ್ಟ್ರು:
ಹೋಲ್ಡಿಂಗ್ ಪಾಯಿಂಟ್‌ನಲ್ಲಿ, ಅಂದರೆ ರನ್‌ವೇ ಮುಂದೆ ನಿಲ್ಲುವ ಗೆರೆಯಲ್ಲಿ, ನಿಂತು ಕೇಳಿ. ಬೇರೆ ಉತ್ತರ ಇಲ್ಲ.

ಪ್ರಯಾಣಿಕ ಮಾತ್ರ:
ನಾನು ಪೈಲಟ್ ಅಲ್ಲ, ಕುತೂಹಲಕ್ಕೆ ಓದುತ್ತಿದ್ದೇನೆ. ಬೆಂಗಳೂರಿನಲ್ಲಿ ಕಂಟ್ರೋಲರೂ ಕನ್ನಡದವರು, ಪೈಲಟೂ ಕನ್ನಡದವರು ಇದ್ದರೆ ಕನ್ನಡದಲ್ಲೇ ಮಾತಾಡಬಹುದಲ್ಲ? ಆಗ ಈ ಮರೆಯುವ, ತಪ್ಪು ಕೇಳಿಸುವ ಕಷ್ಟ ಇರುವುದಿಲ್ಲ ಅಲ್ವಾ?

ಆರ್‌ಟಿಆರ್ ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ರೇಡಿಯೋದಲ್ಲಿ ಇಬ್ಬರೇ ಮಾತಾಡಿದರೂ ಅದೇ ಫ್ರೀಕ್ವೆನ್ಸಿಯಲ್ಲಿ ಎಲ್ಲರೂ ಕೇಳುತ್ತಿರುತ್ತಾರೆ. ಕೇಳುತ್ತಿರುವ ಮೂರನೆಯವನೇ ಎಷ್ಟೋ ಸಲ ಅನಾಹುತ ತಪ್ಪಿಸುತ್ತಾನೆ.

2000ದ ಮೇ 25ರಂದು ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್‌ನಲ್ಲಿ ಆದದ್ದನ್ನು ನನ್ನ ಹುಡುಗರಿಗೆ ಯಾವಾಗಲೂ ಹೇಳುತ್ತೇನೆ. ಒಂದು ಎಂಡಿ-83ಗೆ ಟವರ್ ಫ್ರೆಂಚ್‌ನಲ್ಲಿ ಟೇಕಾಫ್ ಅನುಮತಿ ಕೊಟ್ಟಿತು. ಆಮೇಲೆ ಶಾರ್ಟ್ಸ್ 330 ಅನ್ನುವ ಸಣ್ಣ ಸರಕು ವಿಮಾನಕ್ಕೆ ಇಂಗ್ಲಿಷ್‌ನಲ್ಲಿ ಲೈನ್ ಅಪ್ ಆಗಿ (ರನ್‌ವೇ ಮೇಲೆ ಬಂದು) ಕಾಯಿರಿ, ಸರದಿಯಲ್ಲಿ ನೀವು ನಂಬರ್ ಎರಡು ಅಂದರು. ಆ ಸಣ್ಣ ವಿಮಾನ ಇದ್ದದ್ದು ರನ್‌ವೇಯ ಶುರುವಿನಲ್ಲಿ ಅಲ್ಲ, ಮಧ್ಯದ ಒಂದು ಟ್ಯಾಕ್ಸಿವೇಯಲ್ಲಿ. ಫ್ರೆಂಚ್ ಮಾತು ಅವರಿಗೆ ಅರ್ಥ ಆಗಲಿಲ್ಲ. ಓಡಿ ಬರುತ್ತಿದ್ದ ವಿಮಾನದ ಮುಂದೆಯೇ ರನ್‌ವೇಗೆ ಹತ್ತಿದರು. ಎಂಡಿ-83ಯ ರೆಕ್ಕೆ ಇವರ ಕಾಕ್‌ಪಿಟ್ ಸೀಳಿತು. ಒಬ್ಬ ಪೈಲಟ್ ಸತ್ತರು. ಮೊದಲನೇ ಮಾತು ಇಂಗ್ಲಿಷ್‌ನಲ್ಲಿ ಇದ್ದಿದ್ದರೆ ಅವರು ನಿಲ್ಲುತ್ತಿದ್ದರೋ ಏನೋ.

ಸರದಿ ನಂಬರ್ ಹೇಳುವುದೂ ಹುಷಾರು. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಕೋಸ್ಟ್ ಗಾರ್ಡ್ ವಿಮಾನಕ್ಕೆ ನೀವು ನಂಬರ್ ಒಂದು, ಸಿ5 ಹೋಲ್ಡಿಂಗ್ ಪಾಯಿಂಟ್‌ಗೆ ಬನ್ನಿ ಅಂದರು. ರೀಡ್‌ಬ್ಯಾಕ್ ಸರಿಯಾಗೇ ಬಂತು. ಆದರೂ ವಿಮಾನ ರನ್‌ವೇಗೆ ಹೋಗಿ ಸುಮಾರು 40 ಸೆಕೆಂಡ್ ಅಲ್ಲೇ ನಿಂತಿತ್ತು. ಮೇಲಿಂದ ಎ350 ಬಂದು ಇಳಿಯಿತು. ದೊಡ್ಡ ವಿಮಾನದ 379 ಜನರೂ ಬದುಕಿದರು, ಕೋಸ್ಟ್ ಗಾರ್ಡ್‌ನ ಆರು ಜನರಲ್ಲಿ ಐವರು ಹೋದರು.

ಕನ್ನಡ ಕಟ್ಟೆ:
ಮೇಷ್ಟ್ರೇ, ಫ್ರಾನ್ಸ್‌ನಲ್ಲಿ ಈಗಲೂ ಫ್ರೆಂಚ್ ಬಳಸುತ್ತಾರಲ್ಲ? ಅವರಿಗೆ ಇರುವ ಅವಕಾಶ ನಮಗೆ ಯಾಕೆ ಇಲ್ಲ? ಕನ್ನಡದಲ್ಲಿ ಹೇಳಿದರೆ ಅಪಾಯ ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ಆರ್‌ಟಿಆರ್ ಮೇಷ್ಟ್ರು:
ಕನ್ನಡ ಅಪಾಯ ಅಂತ ನಾನು ಹೇಳಲಿಲ್ಲ. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಭಾಷೆ ಅಪಾಯ. ಕಲಿಸುವುದು ಕನ್ನಡದಲ್ಲೇ ಆಗಲಿ. ನಾನು ಕ್ಲಾಸ್ ಪೂರ್ತಿ ಕನ್ನಡದಲ್ಲೇ ಮಾಡುತ್ತೇನೆ, ಹುಡುಗರಿಗೆ ಬೇಗ ಹತ್ತುತ್ತದೆ.

ಏಪ್ರನ್ ಅಣ್ಣ:
ನಾನು ಏರ್‌ಸೈಡ್‌ನಲ್ಲಿ ಗಾಡಿ ಓಡಿಸುವವನು. ಪೈಲಟ್‌ಗಳು ನಮ್ಮ ಬಗ್ಗೆ ಯೋಚನೆ ಮಾಡುವುದು ಕಡಿಮೆ, ಅದಕ್ಕೆ ಬರೆಯುತ್ತಿದ್ದೇನೆ. ಒಳಗೆ ಗಾಡಿ ಓಡಿಸಲು ಆರ್‌ಟಿಒ ಲೈಸೆನ್ಸ್ ಸಾಲದು. ಬೇರೆ ಏರ್‌ಸೈಡ್ ಪರ್ಮಿಟ್ ಬೇಕು, ಅದಕ್ಕೆ ತರಬೇತಿ ಇದೆ, ಪರೀಕ್ಷೆ ಇದೆ. ವಿಮಾನಕ್ಕೆ ಯಾವಾಗಲೂ ಮೊದಲ ದಾರಿ. ಹೊಟ್ಟೆ ಕೆಳಗಿನ ಕೆಂಪು ದೀಪ ಮಿನುಗುತ್ತಿದ್ದರೆ ಎಂಜಿನ್ ಓಡುತ್ತಿದೆ ಅಥವಾ ಈಗ ಶುರು ಆಗುತ್ತದೆ ಅಂತ ಅರ್ಥ. ಆಗ ಆ ವಿಮಾನದ ಹಿಂದೆ ಹೋಗುವ ಹಾಗಿಲ್ಲ.

ಹಾಗಾಗಿ ತಮ್ಮಾ, ಎಂಜಿನ್ ಶುರು ಮಾಡುವ ಮುಂಚೆಯೇ ನಿಮ್ಮ ಬೀಕನ್ (ಆ ಮಿನುಗುವ ಕೆಂಪು ದೀಪ) ಹಾಕಿ. ಸಣ್ಣ ವಿಮಾನದ ಪ್ರೊಪೆಲ್ಲರ್ ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ, ದೀಪವೇ ನಮಗೆ ಗುರುತು. ರಾತ್ರಿ ಟ್ರಾಲಿಗಳ ಸಾಲಿನ ಹಿಂದೆ ಸೆಸ್ನಾ ಬಂದರೆ ಎತ್ತರವೇ ಗೊತ್ತಾಗುವುದಿಲ್ಲ. ಮಾರ್ಷಲರ್, ಅಂದರೆ ಕೈಸನ್ನೆಯಲ್ಲಿ ದಾರಿ ತೋರಿಸುವವರು, ಎರಡು ಕೈ ಮೇಲೆತ್ತಿ ಅಡ್ಡ ಹಿಡಿದರೆ ತಕ್ಷಣ ನಿಲ್ಲಿ, ಯಾಕೆ ಅಂತ ಆಮೇಲೆ ನೋಡಿ. ಮಾರ್ಷಲರ್ ಕಾಣದೇ ಹೋದರೂ ನಿಲ್ಲಿ.

ಇನ್ನೊಂದು. ಜೆಟ್ ಹಿಂದೆ ಹತ್ತಿರ ಹೋಗಬೇಡಿ. ಅದು ನಿಂತಿದ್ದಾಗ ಏನೂ ಅನ್ನಿಸುವುದಿಲ್ಲ. ಹೊರಡಲು ಎಂಜಿನ್ ಏರಿಸಿದಾಗ ಬರುವ ಗಾಳಿಗೆ ಖಾಲಿ ಟ್ರಾಲಿ ಉರುಳುತ್ತದೆ. ಸೆಸ್ನಾ ಎಷ್ಟರದ್ದು.

ಚಿಕ್ಕಜಾಲ ಸ್ಪಾಟರ್:
ವಿಮಾನ ನೋಡುವ ಹುಚ್ಚಿನವನು ನಾನು. ದೇವನಹಳ್ಳಿ ಕಡೆ ಚಳಿಗಾಲದ ಬೆಳಿಗ್ಗೆ ಮಂಜು ಎಷ್ಟಿರುತ್ತದೆ ಗೊತ್ತಲ್ಲ. ದಕ್ಷಿಣ ರನ್‌ವೇಗೆ ಕ್ಯಾಟ್ 3ಬಿ (ದಟ್ಟ ಮಂಜಿನಲ್ಲೂ ಇಳಿಸುವ ವ್ಯವಸ್ಥೆ) ಇರುವುದರಿಂದ ಇಳಿಯುತ್ತಾರೆ, ಸರಿ. ಇಳಿದ ಮೇಲೆ ಆ ಮಂಜಿನಲ್ಲಿ ದಾರಿ ಹೇಗೆ ಕಾಣುತ್ತದೆ?

ರನ್‌ವೇ ಅಂಚು:
ದೀಪ ಮತ್ತು ಬಣ್ಣ. ಯಲಹಂಕ ಹುಡುಗನಿಗೂ ಇದು ಬೇಕು. ಟ್ಯಾಕ್ಸಿವೇ ಗೆರೆ ಹಳದಿ, ರನ್‌ವೇ ಗೆರೆ ಬಿಳಿ. ಟ್ಯಾಕ್ಸಿವೇ ನಡುವಿನ ದೀಪ ಹಸಿರು, ಅಂಚಿನ ದೀಪ ನೀಲಿ. ಹಸಿರಿನ ಮೇಲೆ ಮೂಗಿನ ಚಕ್ರ ಇಟ್ಟುಕೊಂಡು ಹೋಗುತ್ತಾರೆ. ಬೋರ್ಡ್‌ಗಳಲ್ಲಿ ಕಪ್ಪು ಹಿನ್ನೆಲೆಗೆ ಹಳದಿ ಅಕ್ಷರ ಇದ್ದರೆ ನೀವು ಇರುವ ಜಾಗ. ಹಳದಿ ಹಿನ್ನೆಲೆಗೆ ಕಪ್ಪು ಅಕ್ಷರ ಇದ್ದರೆ ಮುಂದಿನ ದಾರಿ. ಕೆಂಪು ಹಿನ್ನೆಲೆಗೆ ಬಿಳಿ ಅಕ್ಷರ ಇದ್ದರೆ ಅನುಮತಿ ಇಲ್ಲದೆ ಅದನ್ನು ದಾಟಬೇಡಿ.

ರನ್‌ವೇ ಮುಂದಿನ ಹೋಲ್ಡಿಂಗ್ ಗೆರೆಯಲ್ಲಿ ಎರಡು ಗಟ್ಟಿ ಗೆರೆ, ಎರಡು ತುಂಡು ಗೆರೆ ಇರುತ್ತವೆ. ಗಟ್ಟಿ ಗೆರೆ ನಿಮ್ಮ ಕಡೆ ಇದ್ದರೆ ನಿಲ್ಲಬೇಕು. ತುಂಡು ಗೆರೆ ನಿಮ್ಮ ಕಡೆ ಇದ್ದರೆ ನೀವು ರನ್‌ವೇಯಿಂದ ಹೊರಬರುತ್ತಿದ್ದೀರಿ, ಪೂರ್ತಿ ದಾಟಿ ನಿಲ್ಲಿ. ಬಾಲ ರನ್‌ವೇ ಕಡೆ ಉಳಿಯುವ ಹಾಗೆ ನಿಲ್ಲಬೇಡಿ.

ಸಾಲಾಗಿ ಕೆಂಪು ದೀಪ ಅಡ್ಡ ಹತ್ತಿದ್ದರೆ ಅದು ಸ್ಟಾಪ್ ಬಾರ್. ಕಂಟ್ರೋಲರ್ ಹೋಗು ಅಂದರೂ ಕೆಂಪು ಆರದೆ ದಾಟಬೇಡಿ, ಕೇಳಿ. ಹನೇಡಾದಲ್ಲಿ ಆ ದಿನ ಸ್ಟಾಪ್ ಬಾರ್ ಕೆಲಸ ಮಾಡುತ್ತಿರಲಿಲ್ಲ.

ಎಚ್‌ಎಎಲ್ ನೆನಪು:
2008ರ ಮೇ ತನಕ ಎಲ್ಲ ವಿಮಾನ ಎಚ್‌ಎಎಲ್‌ನ ಒಂದೇ ರನ್‌ವೇಯಲ್ಲಿ. ಕೆಂಪೇಗೌಡ ಏರ್‌ಪೋರ್ಟ್‌ಗೆ ಎರಡನೇ ರನ್‌ವೇ ಬಂದದ್ದು 2019ರ ಡಿಸೆಂಬರ್‌ನಲ್ಲಿ. ಎರಡು ರನ್‌ವೇ ನಡುವೆ ಟರ್ಮಿನಲ್ ಇರುವುದರಿಂದ ದಾಟುವ ಕಷ್ಟವೇ ಕಡಿಮೆ. ಹಾಗಾಗಿ ನಮ್ಮ ಊರಲ್ಲಿ ಇಷ್ಟೆಲ್ಲ ಗಾಬರಿ ಬೇಕಿಲ್ಲ ಅನ್ನಿಸುತ್ತದೆ.

ನಿವೃತ್ತ ಟವರ್:
ಬೇಕು. 2022ರ ಜನವರಿಯಲ್ಲಿ ಅದೇ ಎರಡು ರನ್‌ವೇಗಳಿಂದ ಎರಡು ವಿಮಾನ ಒಂದೇ ಹೊತ್ತಿಗೆ ಏರಿದವು. ಮೇಲೆ ಹೋಗಿ ಒಂದರ ದಾರಿಗೆ ಒಂದು ಬಂದವು. ಅಲ್ಲಿಯವರೆಗೆ ಒಂದು ರನ್‌ವೇ ಹೊರಡುವುದಕ್ಕೆ, ಇನ್ನೊಂದು ಇಳಿಯುವುದಕ್ಕೆ ಇತ್ತು. ಬೆಳಿಗ್ಗೆ ಒಂದೇ ರನ್‌ವೇ ಬಳಸೋಣ ಅಂತ ತೀರ್ಮಾನ ಆಯಿತು, ದಕ್ಷಿಣದ್ದು ಮುಚ್ಚಿತು. ಆ ಮಾತು ದಕ್ಷಿಣ ಟವರ್ ಕಂಟ್ರೋಲರ್‌ಗೆ ತಲುಪಲಿಲ್ಲ. ರಾಡಾರ್ ಕಂಟ್ರೋಲರ್ ನೋಡಿ ಎರಡನ್ನೂ ಬೇರೆ ಮಾಡಿದ್ದರಿಂದ ಎಲ್ಲರೂ ಉಳಿದರು. ಪೈಲಟ್‌ಗಳ ರೀಡ್‌ಬ್ಯಾಕ್‌ನಿಂದ ಆದ ಎಡವಟ್ಟು ಅಲ್ಲ ಅದು. ಟವರ್ ಒಳಗಿನ ಮಾತು ತಪ್ಪಿದ್ದು. ನಮ್ಮವರ ಕಡೆಯಿಂದಲೂ ಆಗುತ್ತದೆ ಅಂತಲೇ ಹೇಳುತ್ತಿದ್ದೇನೆ. ಅದಕ್ಕೇ ಪೈಲಟ್ ಕಿವಿ ತೆರೆದಿರಬೇಕು, ಅನುಮತಿ ಸಿಕ್ಕಿದ್ದರೂ ರನ್‌ವೇಗೆ ಹತ್ತುವ ಮುಂಚೆ ಎರಡೂ ಕಡೆ ಕಣ್ಣಾಡಿಸಬೇಕು.

ಮುಂಗಾರು ಗಾಳಿ:
ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ ಆಗಿ ಒಂದೆರಡು ಮಾತು. ಎಲ್ಲರೂ ರೇಡಿಯೋ ಬಗ್ಗೆಯೇ ಬರೆದಿದ್ದಾರೆ. ವಿಮಾನ ಕೈಯಲ್ಲಿ ಇಲ್ಲದಿದ್ದರೆ ರೇಡಿಯೋದಲ್ಲಿ ಎಷ್ಟು ಚೆನ್ನಾಗಿ ಮಾತಾಡಿ ಏನು ಪ್ರಯೋಜನ?

ಹೊರಟ ತಕ್ಷಣ ಬ್ರೇಕ್ ಪರೀಕ್ಷೆ ಮಾಡಿ. ಏಪ್ರನ್‌ನಲ್ಲಿ ಬಿರುಸಾಗಿ ನಡೆಯುವಷ್ಟೇ ವೇಗ ಸಾಕು. ಪವರ್ ಜಾಸ್ತಿ ಇಟ್ಟು ಬ್ರೇಕ್ ಒತ್ತಿಕೊಂಡು ಹೋಗಬೇಡಿ, ಬ್ರೇಕ್ ಕಾಯುತ್ತದೆ. ಜೂನ್‌ನಿಂದ ಆಗಸ್ಟ್ ತನಕ ನಮ್ಮ ಕಡೆ ಪಶ್ಚಿಮದ ಗಾಳಿ ಜೋರು. ಗಾಳಿ ಮುಂದಿನಿಂದ ಓರೆಯಾಗಿ ಬಂದರೆ ಕಂಟ್ರೋಲ್ ವೀಲನ್ನು ಗಾಳಿಯ ಕಡೆಗೆ ತಿರುಗಿಸಿ. ಹಿಂದಿನಿಂದ ಬಂದರೆ ಗಾಳಿಯಿಂದ ಆಚೆಗೆ ತಿರುಗಿಸಿ, ಮುಂದಕ್ಕೂ ಒತ್ತಿ ಹಿಡಿಯಿರಿ. ಪ್ರತಿ ತಿರುವಿನಲ್ಲಿ ಗಾಳಿ ಈಗ ಎಲ್ಲಿಂದ ಅಂತ ಕೇಳಿಕೊಳ್ಳಿ. 172ರ ರೆಕ್ಕೆ ಮೇಲೆ ಇರುವುದು, ಗಾಳಿಗೆ ಬೇಗ ಎದ್ದೇಳುತ್ತದೆ.

ಚೆಕ್‌ಲಿಸ್ಟ್ ಓದುವುದು, ಫ್ರೀಕ್ವೆನ್ಸಿ ಹುಡುಕುವುದು, ಜಿಪಿಎಸ್ ಒತ್ತುವುದು, ಎಲ್ಲ ನಿಂತಾಗ. ಚಲಿಸುವಾಗ ಬೇಡ. ಪಕ್ಕದವರ ಜೊತೆ ಹರಟೆಯೂ ಬೇಡ. 2006ರ ಆಗಸ್ಟ್ 27ರಂದು ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಒಂದು ವಿಮಾನ ರನ್‌ವೇ 22 ಬದಲು 26ಕ್ಕೆ ಹೋಗಿ ಟೇಕಾಫ್ ಮಾಡಲು ನೋಡಿತು. ಅದರ ಉದ್ದ 22ರ ಅರ್ಧದಷ್ಟು. 50 ಜನರಲ್ಲಿ 49 ಜನ ಉಳಿಯಲಿಲ್ಲ. ಟ್ಯಾಕ್ಸಿ ಮಾಡುವಾಗ ಇಬ್ಬರೂ ಕೆಲಸಕ್ಕೆ ಸಂಬಂಧ ಇಲ್ಲದ ಮಾತಾಡುತ್ತಿದ್ದರು ಅಂತ ತನಿಖೆಯಲ್ಲಿ ಬಂದಿದೆ. ರನ್‌ವೇಗೆ ಹತ್ತಿದ ಮೇಲೆ ದಿಕ್ಸೂಚಿ ನೋಡಿ. ರನ್‌ವೇ 27 ಅಂದರೆ ಸುಮಾರು 270 ತೋರಿಸಬೇಕು. ತೋರಿಸದಿದ್ದರೆ ಪವರ್ ಮುಟ್ಟಬೇಡಿ.

ಸಿಮ್ ಕ್ಯಾಪ್ಟನ್:
ಮೇಡಂ, ದಿಕ್ಸೂಚಿ ವಿಷಯ ಚೆನ್ನಾಗಿದೆ. ಇವತ್ತಿನಿಂದ ಸಿಮ್‌ನಲ್ಲೂ ಮಾಡುತ್ತೇನೆ.

ಯಲಹಂಕ ಹುಡುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ರಿಂಟ್ ತೆಗೆದು ಇಟ್ಟುಕೊಳ್ಳುತ್ತೇನೆ. ಇನ್ನೊಂದೇ ಪ್ರಶ್ನೆ. ಟ್ಯಾಕ್ಸಿ ಮಾಡುತ್ತಿರುವಾಗಲೇ ರೇಡಿಯೋ ಕೈಕೊಟ್ಟರೆ?

ಆರ್‌ಟಿಆರ್ ಮೇಷ್ಟ್ರು:
ನಿಲ್ಲಿ. ಹೆಡ್‌ಸೆಟ್ ಪ್ಲಗ್, ವಾಲ್ಯೂಮ್, ಫ್ರೀಕ್ವೆನ್ಸಿ ನೋಡಿ. ಮೈಕ್ ಬಟನ್ ಒತ್ತಿಕೊಂಡೇ ಇದೆಯಾ ಅಂತ ನೋಡಿ. ಅದು ಸಿಕ್ಕಿಹಾಕಿಕೊಂಡರೆ ನಿಮ್ಮ ಮಾತು ಮಾತ್ರ ಅಲ್ಲ, ಇಡೀ ಫ್ರೀಕ್ವೆನ್ಸಿಯೇ ಬಂದ್. ಸರಿ ಹೋಗದಿದ್ದರೆ ಟವರ್ ಕಡೆ ನೋಡುತ್ತಿರಿ, ದೀಪದಲ್ಲಿ ಹೇಳುತ್ತಾರೆ. ಮಿನುಗುವ ಹಸಿರು ಅಂದರೆ ಟ್ಯಾಕ್ಸಿ ಮಾಡಬಹುದು. ನಿಂತ ಕೆಂಪು ಅಂದರೆ ನಿಲ್ಲು. ಮಿನುಗುವ ಕೆಂಪು ಅಂದರೆ ಇಳಿಯುವ ಜಾಗ ಬಿಟ್ಟು ಆಚೆ ಹೋಗು. ಮಿನುಗುವ ಬಿಳಿ ಅಂದರೆ ಹೊರಟ ಜಾಗಕ್ಕೆ ವಾಪಸ್. ನೆಲದ ಮೇಲಿರುವ ವಿಮಾನಕ್ಕೆ ಇದು. ಹಾರುತ್ತಿರುವ ವಿಮಾನಕ್ಕೆ ಅದೇ ಬಣ್ಣಗಳ ಅರ್ಥ ಬೇರೆ, ಓರಲ್‌ನಲ್ಲಿ ಗೊಂದಲ ಮಾಡಿಕೊಳ್ಳಬೇಡಿ.

ರನ್‌ವೇ ಅಂಚು:
ಚಾರ್ಟ್‌ಗಳು ಏರ್‌ಪೋರ್ಟ್ಸ್ ಅಥಾರಿಟಿಯ ಎಐಪಿಯಲ್ಲಿ (ವಿಮಾನಯಾನ ಮಾಹಿತಿ ಪುಸ್ತಕ) ಉಚಿತವಾಗಿ ಸಿಗುತ್ತವೆ. ಹಾಟ್ ಸ್ಪಾಟ್ (ತಪ್ಪು ಆಗುವ ಅಪಾಯ ಇರುವ ಜಾಗ) ಅಂತ ಗುರುತು ಹಾಕಿರುವ ಕಡೆ ಕೆಂಪು ಪೆನ್ನಿನಲ್ಲಿ ಇನ್ನೊಂದು ಸಲ ಸುತ್ತು ಹಾಕಿ. ಹೊರಡುವ ದಿನ ಬೆಳಿಗ್ಗೆ ನೋಟಾಮ್ (ಪೈಲಟ್‌ಗಳಿಗೆ ಬರುವ ಹೊಸ ಸೂಚನೆ) ನೋಡಿ, ನೀವು ಪೆನ್ಸಿಲ್‌ನಲ್ಲಿ ಎಳೆದ ಟ್ಯಾಕ್ಸಿವೇ ಮುಚ್ಚಿರಬಹುದು.

ಹೆಬ್ಬಾಳ ಎಕ್ಸ್‌ಪ್ರೆಸ್:
ನನ್ನದೊಂದು ಸಲಹೆ. ಖಾಲಿ ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಟ್ಯಾಕ್ಸಿವೇ ಎಳೆಯಿರಿ. ಒಬ್ಬರು ಫೋನ್‌ನಲ್ಲಿ ಗ್ರೌಂಡ್ ಕಂಟ್ರೋಲರ್ ಆಗಲಿ. ನೀವು ನಡೆದುಕೊಂಡು ಹೋಗಿ, ಬರೆದುಕೊಳ್ಳಿ, ರೀಡ್‌ಬ್ಯಾಕ್ ಕೊಡಿ. ಅವರು ಬೇಕೆಂದೇ ಮಧ್ಯದಲ್ಲಿ ದಾರಿ ಬದಲಾಯಿಸಲಿ.

ಯಲಹಂಕ ಹುಡುಗ:
ಇದು ಮಾಡಬಹುದು! ನಮ್ಮ ಮನೆ ಹತ್ತಿರ ಮೈದಾನ ಇದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಯಾರಾದರೂ ಬರುತ್ತೀರಾ? ಟವರ್ ಸರ್, ನೀವು ಕಂಟ್ರೋಲರ್ ಆದರೆ ಇನ್ನೂ ಒಳ್ಳೆಯದು.

ನಿವೃತ್ತ ಟವರ್:
ಬರುತ್ತೇನೆ. ನಿಧಾನವಾಗಿ ಮಾತಾಡು ಅಂತ ಮಾತ್ರ ಮೊದಲೇ ಕೇಳಬೇಡಿ. ಬೇಕಾದಾಗ ರೇಡಿಯೋದಲ್ಲೇ ಕೇಳಿ.

ಏಪ್ರನ್ ಅಣ್ಣ:
ನೈಟ್ ಶಿಫ್ಟ್ ಮುಗಿಸಿ ನೇರ ಬರುತ್ತೇನೆ. ಮಾರ್ಷಲರ್ ಕೋಲು ನಾನು ತರುತ್ತೇನೆ, ಸುಣ್ಣದ ಪುಡಿ ನೀವು ನೋಡಿಕೊಳ್ಳಿ.